ಪೆಟ್ಟಿಗೆ ತುಂಬಿತು, ದೋಣಿ ಹೊರಟಿತು

ಬಸ್ಸು ನನ್ನನ್ನು ಬಿಟ್ಟು ಹೊರಟುಹೋಯಿತು. ನನಗೆ ಬೇಕಾಗಿದ್ದದ್ದೂ ಅದೇ.

ಮೀನುಮನೆಯ ದೊಡ್ಡ ಗಾಜಿನ ತೊಟ್ಟಿಯ ಹಿಂದೆ ಅಡಗಿ, ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಗೈಡಮ್ಮ ಬಸ್ಸಿನ ಬಾಗಿಲಲ್ಲಿದ್ದಳು. ಎಡಗೈ ಮೇಲೆ ತೆರೆದ ಪೆಟ್ಟಿಗೆ, ಅದರ ತುಂಬ ಸಣ್ಣ ಸಣ್ಣ ಗೂಡು. ಪ್ರವಾಸಿಗರು ಸಾಲಾಗಿ ಬಂದು, ಅವಳ ವಿವರಣೆ ಕೇಳಲು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನ್ ತೆಗೆದು ಕೊಡುತ್ತಿದ್ದರು. ಅವಳು ಅದನ್ನು ಗೂಡಿಗೆ ಒತ್ತುತ್ತಿದ್ದಳು. ಒಂದೊಂದು ಜಾಗ ಮುಗಿದಾಗಲೂ ಹೀಗೇ ವಾಪಸ್, ಮುಂದಿನ ಜಾಗದಲ್ಲಿ ಮತ್ತೆ ಹಂಚುವುದು. ಹೆಂಡತಿ ಗಂಡನದ್ದನ್ನೂ ಸೇರಿಸಿ ಕೊಟ್ಟಳು. ತಾಯಿ ಮಕ್ಕಳದ್ದನ್ನೆಲ್ಲ ಕೊಟ್ಟಳು. ಗೈಡಮ್ಮ ಒಬ್ಬರ ಮುಖವನ್ನಾದರೂ ನೋಡಬೇಕಲ್ಲ? ಇಲ್ಲ.

ನನ್ನದನ್ನು ಮೊದಲೇ ಒಬ್ಬ ಅಜ್ಜಿಯ ಕೈಗೆ ಕೊಟ್ಟಿದ್ದೆ. "ನಂಗೆ ಮೀನು ಇನ್ನೂ ನೋಡ್ಬೇಕು ಅಜ್ಜೀ, ನಿಮ್ಮದರ ಜೊತೆ ಇದನ್ನೂ ಕೊಟ್ಟುಬಿಡಿ" ಎಂದಿದ್ದೆ. ಅಜ್ಜಿ ಕೊಟ್ಟಳು. ಕೊನೆಯ ಗೂಡು ತುಂಬಿತು. ಮುಚ್ಚಳ ಟಪ್ಪೆಂದು ಬಿತ್ತು.

"ರೈಟ್!" ಎಂದಳು ಗೈಡಮ್ಮ.

ಬೆಳಿಗ್ಗೆಯಿಂದ ನನ್ನ ಭಾಮೈದನ ಕೇಸಿನ ಬಗ್ಗೆ ಕೇಳಿ ಕೇಳಿ ಅವಳ ಜೀವ ತಿನ್ನುತ್ತಿದ್ದವನು ನಾನು. ಗಾಜಿನ ತೋಟದಲ್ಲಿ ಎಲ್ಲರೆದುರಿಗೆ ಅವಳ ಹತ್ತಿರ ಬೈಸಿಕೊಂಡವನು ನಾನು. ಅಂಥ ನಾನೇ ಬಸ್ಸಿನಲ್ಲಿಲ್ಲ ಅನ್ನುವುದು ಅವಳಿಗೆ ಗೊತ್ತಾಗಲಿಲ್ಲ.

ಇವಳ ಒಂದು ಮಾತಿನ ಮೇಲೆ ನನ್ನ ಭಾಮೈದ ಲಾಕಪ್ಪಿನಲ್ಲಿ ಕೂತಿದ್ದಾನೆ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ, ಕೊಲೆ ಆರೋಪದ ಮೇಲೆ. ಆ ಮಾತು ಇಷ್ಟೇ: "ದ್ವೀಪದಿಂದ ವಾಪಸ್ ಬರುವಾಗ ತಲೆ ಎಣಿಸಿದ್ದೆ. ಎಲ್ಲರೂ ದೋಣಿಯಲ್ಲಿದ್ರು."

ಯಾವ ತಲೆ ಎಣಿಸಿದ್ದಳು ಇವಳು?

*

ಸರೋವರದ ದಂಡೆಯ ಸಭಾಭವನದಲ್ಲಿ ಹಲ್ಲಿನ ಡಾಕ್ಟರುಗಳ ಸಮ್ಮೇಳನ. ಮೊನ್ನೆ ಭಾಷಣಗಳಿಗೆ ಬಿಡುವು ಕೊಟ್ಟು, ಬಂದವರನ್ನು ಊರು ನೋಡಲು ಕರೆದುಕೊಂಡು ಹೋಗಿದ್ದರು. ಭವನದ ಬಾಗಿಲಲ್ಲೇ ಬಣ್ಣದ ಬೋರ್ಡಿದೆ: 'ಹತ್ತಿರದಲ್ಲೇ ನೋಡಬೇಕಾದ ಸ್ಥಳಗಳು'. ಗಾಜಿನ ತೋಟ. ಒಳಗೆ ಹೋದರೆ ಹಬೆಯಲ್ಲಿ ಬೆಂದುಹೋಗಬೇಕು. ಗಡಿಯಾರದ ಗೋಪುರ. ಗಡಿಯಾರ ಸರಿಯಾಗಿಯೇ ನಡೆಯುತ್ತದೆ, ಅದನ್ನು ನೋಡಲು ಟಿಕೆಟ್ಟು ಯಾಕೆ ಅಂತ ನನಗೆ ಈವರೆಗೂ ಅರ್ಥವಾಗಿಲ್ಲ. ಆಮೇಲೆ ಮೀನುಮನೆ. ಕೊನೆಗೆ ದೋಣಿಯಲ್ಲಿ ದ್ವೀಪ, ಅಲ್ಲಿ ಹಳೆಯ ದೀಪಸ್ತಂಭ.

ಆ ದೋಣಿ ನಡೆಸಿದವನು ನನ್ನ ಭಾಮೈದ. ಹೊರಡುವ ಮುಂಚೆಯೇ ಸಮ್ಮೇಳನದ ಅಧ್ಯಕ್ಷನ ಜೊತೆ ಅವನಿಗೆ ಜಗಳವಾಗಿತ್ತು. ಮುದುಕ ಲೈಫ್ ಜಾಕೆಟ್ ಹಾಕಿಕೊಳ್ಳುವುದಿಲ್ಲ ಅಂದ. ಇವನು ಬಿಡಲಿಲ್ಲ. ಮುದುಕ ಇವನ ಅಪ್ಪ ಅಮ್ಮನನ್ನೆಲ್ಲ ಎಳೆದು ತಂದ. ಇವನು, "ನೀರಿಗೆ ಬಿದ್ರೆ ಕೈ ಹಿಡಿದು ಎತ್ತೋನೂ ನಾನೇ, ನೆನಪಿರ್ಲಿ. ಎತ್ತಲ್ಲ" ಅಂದ. ಎಲ್ಲ ಡಾಕ್ಟರುಗಳೂ ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ದ್ವೀಪದ ದೋಣಿಕಟ್ಟೆಯ ಕಂಬಗಳ ನಡುವೆ ಅಧ್ಯಕ್ಷನ ಹೆಣ ತೇಲುತ್ತಿತ್ತು. ತಲೆಗೆ ಏಟು. ಶ್ವಾಸಕೋಶದಲ್ಲಿ ನೀರು. ಅಂದರೆ ನೀರಿಗೆ ಬೀಳುವಾಗ ಜೀವವಿತ್ತು.

ಪೊಲೀಸರ ಲೆಕ್ಕ ನೇರವಾಗಿದೆ. ಅಧ್ಯಕ್ಷ ಎಲ್ಲರ ಜೊತೆ ದಡಕ್ಕೆ ವಾಪಸ್ ಬಂದಿದ್ದ, ಗೈಡಮ್ಮನೇ ಹೇಳಿದ್ದಾಳೆ. ಸಂಜೆ ನನ್ನ ಭಾಮೈದ ಒಬ್ಬನೇ ಇನ್ನೊಂದು ಸಲ ದ್ವೀಪಕ್ಕೆ ಹೋದದ್ದನ್ನು ದಡದ ಮೇಲಿದ್ದವರು ನೋಡಿದ್ದಾರೆ. ಹಗ್ಗ ಮರೆತಿದ್ದೆ, ತರೋಕೆ ಹೋಗಿದ್ದೆ ಅನ್ನುತ್ತಾನೆ ಇವನು. ಹಗ್ಗವಲ್ಲ, ಮುದುಕನನ್ನು ದೋಣಿಯಲ್ಲಿ ಹಾಕಿಕೊಂಡು ಹೋಗಿದ್ದ ಅನ್ನುತ್ತಾರೆ ಅವರು.

ನನ್ನ ಲೆಕ್ಕ ಬೇರೆ. ಮುದುಕ ದಡಕ್ಕೆ ಬರಲೇ ಇಲ್ಲ. ಎಲ್ಲರೂ ದ್ವೀಪದಲ್ಲಿ ಇದ್ದಾಗಲೇ ಅವನ ಕತೆ ಮುಗಿದಿತ್ತು. ಆ ಹೊತ್ತಿನಲ್ಲಿ ನನ್ನ ಭಾಮೈದ ದ್ವೀಪದ ತಿಂಡಿ ಅಂಗಡಿಯವಳ ಜೊತೆ ಹರಟೆ ಹೊಡೆಯುತ್ತಿದ್ದ. "ಒಂದು ನಿಮಿಷ ಬಾಯಿ ಮುಚ್ಚಲಿಲ್ಲ ನಿಮ್ಮ ಹುಡುಗ, ಕಿವಿ ತೂತು ಬಿತ್ತು" ಎಂದು ಅವಳು ನಿನ್ನೆ ನನಗೇ ಹೇಳಿದ್ದಾಳೆ.

ನನ್ನ ಲೆಕ್ಕ ನಿಲ್ಲಬೇಕಾದರೆ ಗೈಡಮ್ಮನ ಲೆಕ್ಕ ಬೀಳಬೇಕು.

ಇನ್ಸ್‌ಪೆಕ್ಟರ್ ನನ್ನ ಜೊತೆ ಓದಿದವನು. ಅವನಿಗೆ ಇದನ್ನು ಹೇಳಿದರೆ ಮೀಸೆಯೊಳಗೇ ನಕ್ಕ. "ಹೆಂಡ್ತಿ ತಮ್ಮ ಅಂತ ಕಣ್ಣಿಗೆ ಪೊರೆ ಬಂದಿದೆ ನಿನಗೆ" ಅಂದ. ಉಪಾಧ್ಯಕ್ಷನನ್ನು ವಿಚಾರಿಸಿದೆಯಾ ಅಂದೆ. ಮುದುಕ ಸತ್ತರೆ ಕುರ್ಚಿ ಸಿಗುವುದು ಅವನಿಗೇ ತಾನೇ? "ದೊಡ್ಡ ಡಾಕ್ಟರಪ್ಪಾ ಅವರು" ಅಂದ. ದೊಡ್ಡ ಡಾಕ್ಟರ್! ಆ ದೊಡ್ಡ ಡಾಕ್ಟರನನ್ನು ಇವತ್ತು ಬೆಳಿಗ್ಗೆ ಭವನದ ಮೆಟ್ಟಿಲ ಮೇಲೆ ನಾನೇ ಅಡ್ಡ ಹಾಕಿದೆ.

"ದ್ವೀಪದಲ್ಲಿ ನೀವು ಎಲ್ಲಿ ನಿಂತಿದ್ರಿ?"

"ಗೈಡ್ ಎಲ್ಲಿ ನೋಡಿ ಅಂದ್ರೋ ಅಲ್ಲಿ ನೋಡ್ತಾ ನಿಂತಿದ್ದೆ" ಎಂದು ಅವನು ಹಲ್ಲು ಬಿಟ್ಟ. ಒಳ್ಳೆಯ ಹಲ್ಲು. "ಕಿವಿಯಲ್ಲಿ ಅವರ ದನಿ ಇತ್ತಲ್ಲ. ಸ್ತಂಭದ ತುದಿ ನೋಡಿ ಅಂದ್ರು, ಎಲ್ರೂ ತುದಿ ನೋಡಿದ್ವಿ. ಪಕ್ಕದಲ್ಲಿ ಯಾರಿದ್ದಾರೆ ಅಂತ ಯಾರು ನೋಡ್ತಾರೆ? ಬಹಳ ಚೆನ್ನಾಗಿದೆ ಆ ಜಾಗ. ನೀವೂ ಒಂದ್ಸಲ ನೋಡಿ ಬನ್ನಿ."

ನೋಡಿ ಬರೋಣ ಅಂತಲೇ ಟಿಕೆಟ್ ತೆಗೆದುಕೊಂಡು ಬಸ್ಸು ಹತ್ತಿದ್ದೆ.

ಮನೆಯಿಂದ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ರೀ, ನಿಮಗೆ ಅವನನ್ನ ಕಂಡ್ರೆ ಆಗಲ್ಲ, ಗೊತ್ತು. ಮದುವೆ ದಿನದಿಂದ್ಲೂ ಆಗಲ್ಲ. ಆದ್ರೆ ಕೇಳಿ, ನನ್ನ ತಮ್ಮ ಮನೆಗೆ ಬರಲಿಲ್ಲ ಅಂದ್ರೆ ನೀವೂ ಬರಬೇಡಿ."

ಹೇಳಿ, ಅವನಿಗೆ ಊಟದ ಡಬ್ಬಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೊರಟಳು.

*

ಮೀನುಮನೆಯಿಂದ ದೋಣಿಕಟ್ಟೆಗೆ ದಂಡೆಯ ಮೇಲೆ ನಡೆದರೆ ಬಸ್ಸಿಗಿಂತ ಬೇಗ. ಬಸ್ಸು ಊರೆಲ್ಲ ಸುತ್ತಿ ಬರುವಷ್ಟರಲ್ಲಿ ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೆ.

ಗೈಡಮ್ಮ ಬಸ್ಸಿನಿಂದ ಇಳಿದವಳು ನನ್ನನ್ನು ನೋಡಿದಳು. ತಿರುಗಿ ಬಸ್ಸನ್ನು ನೋಡಿದಳು. ಮತ್ತೆ ನನ್ನನ್ನು. ಮುಖದ ಬಣ್ಣ ಇಳಿದುಹೋಯಿತು.

"ನೀವು... ಬಸ್ಸಲ್ಲಿ ಇರಲಿಲ್ವಾ?"

"ನೀವೇ ಹೇಳ್ಬೇಕು ಮೇಡಂ. ತಲೆ ಎಣಿಸೋರು ನೀವು."

ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಳು. ಅಜ್ಜಿ ಮಾತ್ರ ನನ್ನನ್ನು ನೋಡಿ, "ಅಯ್ಯೋ, ಬಂದ್ಯಾ? ಮೀನು ನೋಡಿ ಮುಗೀತಾ?" ಎಂದು ಕೈ ಬೀಸಿದಳು.

ಭಾಮೈದ ನಡೆಸುತ್ತಿದ್ದ ಅದೇ ದೋಣಿ, ಇವತ್ತು ಬೇರೆ ಡ್ರೈವರ್. ಗೈಡಮ್ಮ ನನ್ನ ಕಡೆ ಬೆನ್ನು ಹಾಕಿ ಕೂತಳು. ಸರೋವರದ ಆಳ, ಅಗಲ, ಹಕ್ಕಿಗಳು ಎಂದು ಮೈಕಿನಲ್ಲಿ ಏನೇನೋ ಹೇಳಿದಳು. ಎರಡು ಸಲ ತಪ್ಪಿದಳು. ನಾನು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ.

ದ್ವೀಪ ಸಣ್ಣದು. ಕಟ್ಟೆಯಿಂದ ಒಂದು ಕಲ್ಲುಹಾದಿ, ಅದರ ಪಕ್ಕಕ್ಕೆ ತಿಂಡಿ ಅಂಗಡಿ, ಹಾದಿಯ ತುದಿಗೆ ದೀಪಸ್ತಂಭ. ಸ್ತಂಭದ ಕೆಳಗೆ ನಿಂತು ತಲೆ ಎತ್ತಿದರೆ ಕಟ್ಟೆ ಬೆನ್ನ ಹಿಂದೆ ಬೀಳುತ್ತದೆ. ಕಟ್ಟೆಯಲ್ಲಿ ಯಾರನ್ನು ಯಾರು ಹೊಡೆದರೂ ಕಾಣುವುದಿಲ್ಲ. ನಿಂತು ನೋಡಿದೆ. ಉಪಾಧ್ಯಕ್ಷ ಅಷ್ಟರ ಮಟ್ಟಿಗೆ ನಿಜ ಹೇಳಿದ್ದ.

ಪ್ರವಾಸಿಗರು ಉಸ್ಸಪ್ಪಾ ಎನ್ನುತ್ತಾ ಸ್ತಂಭದ ಮೆಟ್ಟಿಲು ಹತ್ತಿದರು. ಗೈಡಮ್ಮ ಅವರ ಹಿಂದೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೊದಲು ಆ ಮೈಕ್ ಆಫ್ ಮಾಡು."

"ದಾರಿ ಬಿಡಿ. ಕಂಪನಿಗೆ ಫೋನ್ ಮಾಡ್ತೀನಿ."

"ಮಾಡು. ಬಸ್ಸಲ್ಲಿ ಇಲ್ಲದೋನನ್ನ ಇದ್ದಾನೆ ಅಂತ ಲೆಕ್ಕ ಹಾಕಿಕೊಂಡು ಬಂದೆ ಅಂತ ನಾನೂ ಅವರಿಗೆ ಹೇಳ್ತೀನಿ. ಆಫ್ ಮಾಡು ಅಂದೆ!"

ಕೊರಳ ಪಟ್ಟಿಯಲ್ಲಿದ್ದ ಮೈಕನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಕಣ್ಣಲ್ಲಿ ಬೆಂಕಿ. ಹೆಂಗಸು ಸಾಧಾರಣದವಳಲ್ಲ. ದಿನವೂ ನೂರಾರು ಜನರನ್ನು ಕುರಿಗಳ ಹಾಗೆ ತಿರುಗಿಸುವವಳು.

"ಯಾರ್ರೀ ನೀವು ನನ್ನ ಕೇಳೋಕೆ? ಪೊಲೀಸರಾ? ಅಲ್ಲ. ವಕೀಲರಾ? ಅಲ್ಲ. ಕೊಲೆಗಾರನ ಭಾವ. ಅಷ್ಟೇ ತಾನೇ?"

"ನಾಲಿಗೆ ಹಿಡಿದು ಮಾತಾಡು."

"ನೀವು ಹಿಡೀರಿ! ಬೆಳಿಗ್ಗೆಯಿಂದ ನಾಯಿ ಥರ ಹಿಂದೆ ಬಿದ್ದಿದ್ದೀರ. ನನಗೂ ಮನೆ ಇದೆ, ಮಕ್ಕಳಿದ್ದಾರೆ."

"ಅವನಿಗೂ ಅಕ್ಕ ಇದ್ದಾಳೆ. ಬೆಳಿಗ್ಗೆಯಿಂದ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದಾಳೆ. ಮೊನ್ನೆ ತಲೆ ಎಣಿಸಿದ್ಯಾ, ಇಲ್ವಾ?"

"ಎಣಿಸಿದ್ದೆ."

"ಇವತ್ತಿನ ಹಾಗೇನಾ?"

ಅವಳು ಮುಖ ಆ ಕಡೆ ತಿರುಗಿಸಿದಳು.

"ಮುದುಕನ ಇಯರ್‌ಫೋನ್ ಪೆಟ್ಟಿಗೆಯಲ್ಲಿತ್ತಲ್ವಾ? ಅದಕ್ಕೇ ಮುದುಕ ದೋಣಿಯಲ್ಲಿದ್ದ ಅಂತ ಹೇಳಿದೆ. ಅವನ ಮುಖ ನೋಡಿದ್ಯಾ? ಎಲ್ಲಿ ಕೂತಿದ್ದ ಹೇಳು. ಮುಂದೆನಾ, ಹಿಂದೆನಾ? ಯಾರ ಪಕ್ಕ? ಹೋಗುವಾಗ ಲೈಫ್ ಜಾಕೆಟ್ಟಿಗೆ ಅಷ್ಟು ಗಲಾಟೆ ಮಾಡಿದೋನು ಬರುವಾಗ ಹಾಕಿಕೊಂಡಿದ್ನಾ? ಹೇಳು!"

"ನನಗೆ ಜ್ಞಾಪಕ ಇಲ್ಲ."

"ಜ್ಞಾಪಕ ಇಲ್ಲ! ಗಾಜಿನ ತೋಟದಲ್ಲಿ ಯಾವ ಗಿಡ ಯಾವ ದೇಶದಿಂದ ಬಂತು ಅಂತ ನೀರು ಕುಡಿದ ಹಾಗೆ ಹೇಳ್ತೀಯ. ಒಬ್ಬ ಮನುಷ್ಯ ಜ್ಞಾಪಕ ಇಲ್ಲ!"

"ಕೂಗಬೇಡಿ."

"ಕೂಗ್ತೀನಿ! ನೀನು ಸುಮ್ಮನಿದ್ದಿದ್ದಕ್ಕೆ ಒಬ್ಬ ಗಲ್ಲಿಗೆ ಹೋಗ್ತಾನೆ!"

ಮೇಲಿನಿಂದ ಯಾರೋ ಇಣುಕಿ ನೋಡಿದರು. ತಿಂಡಿ ಅಂಗಡಿಯವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಾನು ಹೋಗು ಒಳಗೆ ಎಂಬಂತೆ ಕೈ ಮಾಡಿದೆ. ಅವಳು ಹೋಗಲಿಲ್ಲ.

ಗೈಡಮ್ಮ ಬಾಗಿಲ ಹೊಸ್ತಿಲ ಮೇಲೆ ಕುಸಿದು ಕೂತಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹಲ್ಲು ಕಚ್ಚಿ ಮಾತಾಡಿದಳು.

"ಎಣಿಸಲಿಲ್ಲ. ಸಾಕಾ? ಯಾವ ಗೈಡೂ ಎಣಿಸಲ್ಲ. ಜನ ಒಂದು ಕಡೆ ನಿಲ್ತಾರೇನು? ಒಬ್ಬ ಕಕ್ಕಸಿಗೆ, ಒಬ್ಬ ಫೋಟೋಗೆ. ಪೆಟ್ಟಿಗೆ ತುಂಬಿತು ಅಂದ್ರೆ ಎಲ್ರೂ ಬಂದ್ರು. ಎಷ್ಟು ವರ್ಷದಿಂದ ಹಾಗೇ ಮಾಡಿದ್ದೀನಿ. ಒಂದು ದಿನ ಕೂಡ ತಪ್ಪಾಗಿರಲಿಲ್ಲ."

"ಮುದುಕನದ್ದನ್ನ ಕೊಟ್ಟಿದ್ದು ಯಾರು?"

"ಯಾರೂ ಕೊಡಲಿಲ್ಲ. ಸಿಕ್ಕಿತು. ನಾನೇ ತೆಗೆದು ಗೂಡಿಗೆ ಹಾಕಿದೆ. ಯಾರೋ ಬೀಳಿಸಿಕೊಂಡಿದ್ದಾರೆ ಅಂದ್ಕೊಂಡೆ. ದಿನಾ ಬೀಳಿಸ್ತಾರೆ. ಆಮೇಲೆ ಎಲ್ರೂ ಬಂದು ಅವರವರದ್ದು ಕೊಟ್ರು, ಪೆಟ್ಟಿಗೆ ತುಂಬಿತು. ಹೊರಡಪ್ಪಾ ಅಂದೆ."

"ಅದು ಅವನದ್ದೇ ಅಂತ ಹೇಗೆ ಗೊತ್ತು?"

"ಅವರಿಗೆ ಬಲಗಿವಿ ಕೇಳ್ತಿರಲಿಲ್ಲ. ಎಡಗಿವಿಗೆ ಕೂರೋ ಹಾಗೆ ಕೊಕ್ಕೆಯನ್ನ ನಾನೇ ಬಗ್ಗಿಸಿ ಕೊಟ್ಟಿದ್ದೆ. ಮಾರನೇ ದಿನ ಹೆಣ ಸಿಕ್ಕಿತು ಅಂದ್ರು. ಪೆಟ್ಟಿಗೆ ತೆಗೆದು ನೋಡಿದೆ. ಬಗ್ಗಿದ ಕೊಕ್ಕೆ." ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. "ನೀರಿಗೆ ಬೀಳುವಾಗ ಜೀವ ಇತ್ತಂತಲ್ಲ. ನಾನು ಹೊರಡಪ್ಪಾ ಅಂದಾಗಲೂ ಇತ್ತೇನೋ. ಒಂದ್ಸಲ ತಿರುಗಿ ಮುಖ ನೋಡಿದ್ರೆ ಆಗ್ತಿತ್ತು. ಇದನ್ನ ಪೊಲೀಸರ ಹತ್ರ ಹೇಳಬೇಕಿತ್ತಾ? ಮನುಷ್ಯನನ್ನ ದ್ವೀಪದಲ್ಲಿ ಬಿಟ್ಟು ಬಂದವಳು ಅಂತ ಆದ್ಮೇಲೆ ನನಗೆ ಯಾರು ಕೆಲಸ ಕೊಡ್ತಾರೆ?"

ನನಗೆ ಅವಳ ದುಃಖ ಕೇಳುವ ತಾಳ್ಮೆ ಇರಲಿಲ್ಲ. ಫೋನ್ ಆಗಲೇ ಕಿವಿಯಲ್ಲಿತ್ತು.

"ಲೋ ಮೀಸೆ! ಕಣ್ಣಿಗೆ ಪೊರೆ ಬಂದಿರೋದು ಯಾರಿಗೆ ಅಂತ ಬಂದು ನೋಡು! ಮುದುಕ ದಡಕ್ಕೆ ಬರಲೇ ಇಲ್ಲ. ಗೈಡಮ್ಮ ಬಾಯಿ ಬಿಟ್ಟಿದ್ದಾಳೆ. ದ್ವೀಪಕ್ಕೆ ಬಾ, ಅವಳ ಬಾಯಿಂದಲೇ ಕೇಳುವಿಯಂತೆ. ಈಗಲೇ!"

"ಬರ್ತೀನಿ" ಅಂದ. ಈ ಸಲ ನಗಲಿಲ್ಲ.

*

ಕಟ್ಟೆಯ ತುದಿಯಲ್ಲಿ ನಿಂತೆವು. ಪೊಲೀಸ್ ಲಾಂಚು ಆಚೆ ದಡ ಬಿಟ್ಟದ್ದು ಕಾಣಿಸುತ್ತಿತ್ತು. ನನ್ನ ಎದೆ ಉಬ್ಬಿತ್ತು. ಮಧ್ಯಾಹ್ನದ ಊಟಕ್ಕೆ ಭಾಮೈದ ಮನೆಯಲ್ಲಿರುತ್ತಾನೆ. ಕಾಲ ಮೇಲೆ ಕಾಲು ಹಾಕಿಕೊಂಡು, "ಭಾವ, ಇಷ್ಟು ತಡ ಯಾಕೆ ಮಾಡಿದ್ರಿ?" ಅನ್ನುತ್ತಾನೆ. ಅನ್ನಲಿ. ಒಂದು ಕಪಾಳಕ್ಕೆ ಬಿಡುತ್ತೇನೆ. ಹೆಂಡತಿಯೂ ಏನೂ ಅನ್ನುವುದಿಲ್ಲ.

"ಹೇಳಿದ್ದನ್ನೇ ಹೇಳು, ಸಾಕು" ಎಂದೆ ಗೈಡಮ್ಮನಿಗೆ. "ಎಣಿಸಲಿಲ್ಲ, ಇಯರ್‌ಫೋನ್ ಸಿಕ್ಕಿತು, ಪೆಟ್ಟಿಗೆಗೆ ಹಾಕಿದೆ. ಅಷ್ಟೇ."

"ಎಲ್ಲಿ ಸಿಕ್ಕಿತು ಅಂತ ನೀವು ಕೇಳಲೇ ಇಲ್ಲ."

"ಎಲ್ಲಾದ್ರೂ ಸಿಗಲಿ."

"ಇನ್ಸ್‌ಪೆಕ್ಟರ್ ಕೇಳ್ತಾರೆ."

ಅವಳ ದನಿಯಲ್ಲಿದ್ದ ಏನೋ ಒಂದು ನನ್ನನ್ನು ತಿರುಗಿ ನೋಡುವಂತೆ ಮಾಡಿತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಟ್ಟೆಗೆ ಕಟ್ಟಿದ್ದ ದೋಣಿಯನ್ನು, ಅದರ ಡ್ರೈವರ್ ಸೀಟನ್ನು ನೋಡುತ್ತಿದ್ದಳು.

"ನನ್ನ ನೀರಿನ ಬಾಟಲಿ ಯಾವಾಗಲೂ ಅಲ್ಲೇ ಇಡ್ತೀನಿ. ಸೀಟಿನ ಅಡಿಗೆ. ಮೊನ್ನೆ ಸ್ತಂಭದ ಹತ್ರ ಮಾತು ಮುಗಿಸಿ ಎಲ್ಲರಿಗಿಂತ ಮೊದಲು ಬಂದೆ, ಗಂಟಲು ಒಣಗಿತ್ತು. ದೋಣಿ ಖಾಲಿ. ಕೈ ಹಾಕಿದೆ. ನಿಮ್ಮ ಭಾಮೈದನ ಕೈ ಒರೆಸೋ ಬಟ್ಟೆ ಸಿಕ್ಕಿತು. ಒದ್ದೆ. ಅದರೊಳಗೆ ಆ ಇಯರ್‌ಫೋನ್ ಸುತ್ತಿ ಇಟ್ಟಿತ್ತು."

ಸರೋವರದಲ್ಲಿ ಲಾಂಚಿನ ಸದ್ದು ದೊಡ್ಡದಾಗುತ್ತಿತ್ತು.

"ಅವನಿಗೆ ಎಲ್ಲೋ ಸಿಕ್ಕಿದೆ, ನನಗೆ ಕೊಡೋಕೆ ಅಂತ ಎತ್ತಿಟ್ಟಿದ್ದಾನೆ ಅಂದ್ಕೊಂಡೆ" ಎಂದಳು. "ದೋಣಿಯವರು ಹಾಗೆ ಎತ್ತಿಡ್ತಾರೆ. ಕೇಳಲೂ ಇಲ್ಲ ಅವನನ್ನ. ಮಾರನೇ ದಿನದಿಂದ ಅದೇ ಯೋಚನೆ. ಸಿಕ್ಕಿದ್ರೆ ಕೈಗೆ ಕೊಡ್ತಿದ್ದ. ಬಟ್ಟೆಯಲ್ಲಿ ಸುತ್ತಿ ಬಚ್ಚಿಡೋದು ಯಾಕೆ?"

"ಅಂಗಡಿಯವಳ ಹತ್ರ ಇದ್ದ ಅವನು! ಅವಳೇ ಹೇಳಿದ್ದಾಳೆ!"

"ಹೇಳಿರಬಹುದು."

ಕಲ್ಲುಹಾದಿಯ ಕಡೆ ತಿರುಗಿದೆ. ತಿಂಡಿ ಅಂಗಡಿಯವಳು ಅಲ್ಲೇ ನಿಂತಿದ್ದಳು, ಸೌಟು ಕೈಯಲ್ಲಿ. ನನ್ನ ಕಣ್ಣಿಗೆ ಕಣ್ಣು ಕೊಡದೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಹಾಡುಹಗಲು, ಗಿರಾಕಿಗಳು ಬರುವ ಹೊತ್ತಿನಲ್ಲಿ.

"ನೀವೇ ಹೇಳಿ" ಎಂದಳು ಗೈಡಮ್ಮ. "ಬೆಳಿಗ್ಗೆಯಿಂದ ಬಾಯಿ ಬಿಡು, ಬಾಯಿ ಬಿಡು ಅಂತ ಪ್ರಾಣ ತಿಂದ್ರಲ್ಲ. ಈಗ ಬಿಡ್ಲಾ? ನನಗಂತೂ ಕೆಲಸ ಹೋಯ್ತು. ಎಲ್ಲಿ ಸಿಕ್ಕಿತು ಅಂದ್ರೂ ನನಗೆ ಒಂದೇ."

ಲಾಂಚು ಕಟ್ಟೆಗೆ ತಾಗಿತು. ಇನ್ಸ್‌ಪೆಕ್ಟರ್ ಹಾರಿ ಇಳಿದ. ಅವನ ಹಿಂದೆ, ಸೆರಗು ಬಿಗಿದುಕೊಂಡು, ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹೆಂಡತಿ ಕೂತಿದ್ದಳು.

"ಬರ್ತೀನಿ ಅಂತ ಹಟ ಮಾಡಿದ್ರು" ಎಂದ ಇನ್ಸ್‌ಪೆಕ್ಟರ್. "ನಿನ್ನ ಫೋನ್ ದನಿ ಸ್ಟೇಷನ್ನಿಗೆಲ್ಲ ಕೇಳ್ತು. ಏನಮ್ಮಾ, ಹೇಳು."

ಗೈಡಮ್ಮ ಹೇಳಿದಳು. ಎಣಿಸಲಿಲ್ಲ ಎಂದಳು. ಪೆಟ್ಟಿಗೆ ನೋಡಿ ಹೊರಟೆ ಎಂದಳು. ಒಂದೊಂದು ಮಾತಿಗೂ ನನ್ನ ಹೆಂಡತಿಯ ಮುಖ ಅರಳುತ್ತಾ ಬಂತು. ಲಾಂಚಿನಿಂದ ಕೈ ಚಾಚಿ ಕಟ್ಟೆಯ ಕಂಬ ಹಿಡಿದುಕೊಂಡಳು. ನನ್ನ ಕಡೆ ನೋಡಿದಳು. ಆ ನೋಟವನ್ನು ಅವಳಿಂದ ನಾನು ಪಡೆದು ಬಹಳ ಕಾಲವಾಗಿತ್ತು.

"ಆ ಇಯರ್‌ಫೋನ್ ಎಲ್ಲಿ ಸಿಕ್ಕಿತು ನಿನಗೆ?" ಎಂದ ಇನ್ಸ್‌ಪೆಕ್ಟರ್.

ಗೈಡಮ್ಮ ನನ್ನ ಹೆಂಡತಿಯನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಆಮೇಲೆ ಬೆರಳು ಎತ್ತಿ ತೋರಿಸಿದಳು. ಅಭ್ಯಾಸದ ಕೈ, ಎಲ್ಲರೂ ಆ ಕಡೆ ತಿರುಗಿದರು.

"ಅಲ್ಲಿ. ಸ್ತಂಭದ ಮೆಟ್ಟಿಲ ಮೇಲೆ ಬಿದ್ದಿತ್ತು."

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಟೋಪಿ ಸರಿಮಾಡಿಕೊಂಡ. "ಸರಿ. ಹಾಗಾದ್ರೆ ಹುಡುಗನನ್ನ..." ಎಂದು ಶುರುಮಾಡಿದ. ನನ್ನ ಹೆಂಡತಿ ಎದ್ದು ನಿಂತಳು. ಒಂದು ಕಾಲನ್ನು ಲಾಂಚಿನಿಂದ ಕಟ್ಟೆಯ ಮೇಲಿಟ್ಟಳು.

"ಸುಳ್ಳು" ಎಂದೆ ನಾನು.